ಭಾವನಿಗೆ ಯಾವ ರೀಲ್ ಒಯ್ಯಲಿ? ಕಡಲದಂಡೆಯ ಗಾಳಕ್ಕೆ ಮಲ್ಟಿಪ್ಲೈಯರ್ ಆರಿಸುವ ಬಗೆ

ಮರವಂತೆಯಲ್ಲಿರುವ ನನ್ನ ಭಾವನಿಗೆ ಗಾಳ ಹಾಕುವ ಹುಚ್ಚು ಮೊದಲಿಂದಲೂ ಇದೆ. ಕಳೆದ ತಿಂಗಳು ಫೋನ್ ಮಾಡಿದವರು ಕುಶಲ ಕೇಳುವ ಮೊದಲೇ ವಿಷಯಕ್ಕೆ ಬಂದರು.

"ಬಪ್ಪತಿಗೆ ಒಂದ್ ಮಲ್ಟಿಪ್ಲೈಯರ್ ರೀಲ್ ತಕಂಡ್ ಬಾ ಮಾರಾಯ."

"ಯಾವ್ದ್ ಭಾವ?"

"ಜಾಸ್ತಿ ದೂರ ಹೋಪ್ದ್."

ಅಲ್ಲಿಗೆ ಅವರ ಆಯ್ಕೆ ಮುಗಿಯಿತು, ನನ್ನ ತಲೆನೋವು ಶುರುವಾಯಿತು. ನಾನಿರುವುದು ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್‌ನಲ್ಲಿ. ದಂಡೆಯ ಮೇಲೆ ನಿಂತು, ಹನ್ನೆರಡು-ಹದಿಮೂರು ಅಡಿ ಉದ್ದದ ರಾಡಿನಿಂದ ಭಾರದ ಸೀಸ ಎಸೆದು ಮೀನು ಹಿಡಿಯುವುದು ಇಲ್ಲಿ ದೊಡ್ಡ ಹವ್ಯಾಸ. ಮಲ್ಟಿಪ್ಲೈಯರ್ ಅನ್ನುವುದು ಇಲ್ಲಿಯವರ ಬಾಯಲ್ಲಿರುವ ಹೆಸರು. ಅಮೆರಿಕದವರು ಇದನ್ನೇ ಕನ್ವೆನ್ಷನಲ್ ರೀಲ್ ಅನ್ನುತ್ತಾರೆ, ಇದರ ಚಿಕ್ಕ ತಮ್ಮನನ್ನು ಬೇಟ್‌ಕಾಸ್ಟರ್ ಅಂತ ಕರೆಯುತ್ತಾರೆ.

ಭಾವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೂರ ಹೋಗುವುದು ರೀಲಲ್ಲ, ಸೀಸ. ರೀಲಿನ ಕೆಲಸ ಅದರ ಹಿಂದೆ ತಂಗೂಸಿಯನ್ನು, ಅಂದರೆ ಗಾಳದ ದಾರವನ್ನು, ತಕರಾರಿಲ್ಲದೆ ಬಿಟ್ಟುಕೊಡುವುದು, ಸೀಸ ನಿಧಾನವಾದಾಗ ತಾನೂ ನಿಧಾನವಾಗುವುದು. ಮೊದಲನೆಯದನ್ನು ಇವತ್ತಿನ ಯಾವ ರೀಲಾದರೂ ಮಾಡುತ್ತೆ. ದುಡ್ಡು ಕೊಡಬೇಕಾದ್ದು ಎರಡನೆಯದಕ್ಕೆ.

ಟೈಲರ್ ಅಂಗಡಿಯಲ್ಲಿ ದೊಡ್ಡ ದಾರದ ಕೋನ್ ನೋಡಿರುತ್ತೀರಿ. ಅದು ನೆಟ್ಟಗೆ ನಿಂತಿರುತ್ತೆ, ದಾರ ಮೇಲಿನ ತುದಿಯಿಂದ ಸುರುಳಿಯಾಗಿ ಕಳಚಿಕೊಂಡು ಹೋಗುತ್ತೆ. ಕೋನ್ ಅಲ್ಲಾಡುವುದಿಲ್ಲ. ನಮ್ಮ ಕಡೆ ಎಲ್ಲರ ಕೈಯಲ್ಲಿರುವ ಸ್ಪಿನ್ನಿಂಗ್ ರೀಲ್, ಅಂದರೆ ಫಿಕ್ಸೆಡ್ ಸ್ಪೂಲ್, ಕೆಲಸ ಮಾಡುವುದು ಹೀಗೆ. ಸ್ಪೂಲ್ ಅಂದರೆ ತಂಗೂಸಿ ಸುತ್ತಿರುವ ಉರುಳೆ. ಈಗ ಮನೆಯಲ್ಲಿರುವ ಒಂದು ದಾರದ ಉಂಡೆಯನ್ನು ಪೆನ್ಸಿಲಿಗೆ ಪೋಣಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ದಾರ ಎಳೆಯಿರಿ. ಉಂಡೆಯೇ ಗಿರಗಿರ ತಿರುಗುತ್ತೆ. ಇದು ಮಲ್ಟಿಪ್ಲೈಯರ್. ಜೋರಾಗಿ ಎಳೆದು ಕೈಯನ್ನು ತಟ್ಟನೆ ನಿಲ್ಲಿಸಿ ನೋಡಿ. ಕೈ ನಿಂತರೂ ಉಂಡೆ ನಿಲ್ಲುವುದಿಲ್ಲ. ಇನ್ನೂ ನಾಲ್ಕು ಸುತ್ತು ತಿರುಗಿ, ಬಿಚ್ಚಿದ ದಾರವನ್ನೆಲ್ಲ ತನ್ನ ಮೈಮೇಲೇ ಕೆದರಿಕೊಳ್ಳುತ್ತೆ. ಗಾಳದವರು ಬ್ಯಾಕ್‌ಲ್ಯಾಷ್ ಅನ್ನುವುದು ಇದಕ್ಕೇ. ಹಕ್ಕಿ ಗೂಡು ಅಂತಲೂ ಇಲ್ಲಿನವರು ಅನ್ನುತ್ತಾರೆ. ಕಣ್ಣಾರೆ ಕಂಡವರಿಗೆ ಆ ಹೆಸರು ಯಾಕೆ ಅಂತ ಕೇಳಬೇಕಾಗಿಲ್ಲ.

ಹಾಗಾದರೆ ಈ ರಗಳೆ ಯಾಕೆ, ಸ್ಪಿನ್ನಿಂಗ್ ರೀಲೇ ಸಾಕಲ್ವಾ? ಎಷ್ಟೋ ಜನರಿಗೆ ಸಾಕು. ಕಾಣೆ ಮೀನಿಗೆ ಸಿಗಡಿ ಕಟ್ಟಿ ಮೂವತ್ತು-ನಲವತ್ತು ಗ್ರಾಂ ಸೀಸ ಎಸೆಯುವವರು ಈ ಲೇಖನವನ್ನು ಇಲ್ಲಿಗೇ ಬಿಟ್ಟು ಸಮುದ್ರಕ್ಕೆ ಹೋಗಬಹುದು. ದಂಡೆಯ ಮಲ್ಟಿಪ್ಲೈಯರಿಗೆ ಜೀವ ಬರುವುದು 100 ಗ್ರಾಂ ದಾಟಿದ ಮೇಲೆ. ಇಲ್ಲಿ ಸಾಮಾನ್ಯವಾಗಿ ಎಸೆಯುವುದು 150 ಗ್ರಾಂ. ಸ್ಪಿನ್ನಿಂಗ್ ರೀಲಿನಲ್ಲಿ ಅಷ್ಟು ಭಾರವನ್ನು ತೋರುಬೆರಳಿನ ತುದಿಯಲ್ಲಿ ಹಿಡಿದು ಎಸೆದರೆ ತಂಗೂಸಿ ಬೆರಳು ಕೊಯ್ಯುತ್ತೆ. ಮಲ್ಟಿಪ್ಲೈಯರಿನಲ್ಲಿ ಸ್ಪೂಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತೀರಿ. ಎಳೆಯುವಾಗಲೂ ತಂಗೂಸಿ ಎಲ್ಲೂ ಅಡ್ಡ ತಿರುಗದೆ ನೇರ ಸ್ಪೂಲಿಗೆ ಬರುತ್ತೆ. ಆಚೆ ತುದಿಯಲ್ಲಿ ದೊಡ್ಡ ತೊರಕೆ ಮೀನು ಮರಳಿಗೆ ಅಂಟಿ ಕೂತಾಗ ಈ ನೇರ ಎಳೆತದ ಬೆಲೆ ಗೊತ್ತಾಗುತ್ತೆ.

ಹೆಸರಿನಲ್ಲಿರುವ ಗುಣಾಕಾರ ಹಿಡಿಯದ್ದು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಒಳಗಿನ ಗೇರು ಸ್ಪೂಲನ್ನು ಐದಾರು ಸುತ್ತು ತಿರುಗಿಸುತ್ತೆ. ಇದು ಮೂಲದಲ್ಲಿ ಗಡಿಯಾರದವರ ಕೈಕೆಲಸ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕ ಎಸೆಯಲು ಒಗ್ಗುವ ನುಣುಪಾದ ಮಲ್ಟಿಪ್ಲೈಯರ್ ಮಾಡಿದ. ಮುಂದೆ ದಂಡೆಯವರ ಮನೆಮಾತಾದ ಆಬು ಕಂಪನಿಯ ಕಥೆಯೂ ಅದೇ. 1921ರಲ್ಲಿ ಸ್ವೀಡನ್ನಿನ ಸ್ವಾಂಗ್‌ಸ್ಟಾ ಊರಿನಲ್ಲಿ ಹುಟ್ಟಿದಾಗ ಅದು ಗಡಿಯಾರದ ಕಾರ್ಖಾನೆ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿತು, ಆಮೇಲೆ ರೀಲು. 1952ರಲ್ಲಿ ಬಂದ ಅವರ ಕೆಂಪು ಬಣ್ಣದ ಅಂಬಾಸಡರ್ 5000 ಇವತ್ತಿಗೂ ಜನ ಕೂಡಿಡುವ ವಸ್ತು. ಕಡಲದಂಡೆಗೆ ಹೆಚ್ಚು ಬಳಕೆಯಾದದ್ದು ಅದರ ದೊಡ್ಡಣ್ಣ 6500. ಇಲ್ಲಿ ಅಂಗಡಿಯವರು "ಆರೂವರೆ ಸಾವಿರ ಸೈಜು" ಅಂದರೆ ಬೇರೆ ಕಂಪನಿಯ ರೀಲಾದರೂ ಎಷ್ಟು ದೊಡ್ಡದು ಅಂತ ಅರ್ಥವಾಗಿಬಿಡುತ್ತೆ.

ಒಂದು ಲೆಕ್ಕ ಹಾಕೋಣ. ತುಂಬಿದ ಸ್ಪೂಲಿನ ಅಡ್ಡಳತೆ 45 ಮಿಲಿಮೀಟರ್ ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 14 ಸೆಂಟಿಮೀಟರ್ ತಂಗೂಸಿ ಬಿಚ್ಚುತ್ತೆ. ಸೀಸ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಹೊರಟರೆ ಸ್ಪೂಲು ಸೆಕೆಂಡಿಗೆ 250 ಸುತ್ತು ತಿರುಗಬೇಕು. ನಿಮಿಷಕ್ಕೆ 15,000. ಕಾರಿನ ಎಂಜಿನ್ನು ಕಿರುಚಿಕೊಂಡಾಗ ತಿರುಗುವುದರ ಎರಡು ಪಟ್ಟು! ಸೊನ್ನೆಯಿಂದ ಅಷ್ಟು ವೇಗಕ್ಕೆ ಏರಲು ಅದಕ್ಕೆ ಸಿಗುವುದು ಸೆಕೆಂಡಿನ ಚೂರು ಹೊತ್ತು ಮಾತ್ರ. ಆಮೇಲೆ ಗಾಳಿ ಸೀಸವನ್ನು ತಡೆಯುತ್ತಾ ಹೋಗುತ್ತೆ. ಸ್ಪೂಲಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತೆ.

ನನಗೆ ಇದು ತಿಳಿದದ್ದು ಚೆಸಿಲ್ ಬೀಚಿನಲ್ಲಿ. ಸುಮಾರು 29 ಕಿಲೋಮೀಟರ್ ಉದ್ದದ ಬೆಣಚುಕಲ್ಲಿನ ದಂಡೆ ಅದು. ಪೋರ್ಟ್‌ಲ್ಯಾಂಡ್ ತುದಿಯಲ್ಲಿ ಕಲ್ಲುಗಳು ಆಲೂಗಡ್ಡೆಯಷ್ಟು, ವೆಸ್ಟ್ ಬೇ ತುದಿಯಲ್ಲಿ ಬಟಾಣಿಯಷ್ಟು. ಹೊಸ ರೀಲು, ಹೊಸ ಉಮೇದು, ಎದುರುಗಾಳಿ. ಇದ್ದ ಬಲವೆಲ್ಲ ಹಾಕಿ ಎಸೆದೆ. ಒಂದು ಕ್ಷಣ ಹೂಂಕಾರದ ಸದ್ದು, ಮರುಕ್ಷಣ "ಟಪ್". ಸೀಸ ಒಂದು ಕಡೆ, ನಾನೊಂದು ಕಡೆ. ರೀಲು ನೋಡಿದರೆ ಗೀಜಗ ಮೊಟ್ಟೆ ಇಡಲು ಬರಬೇಕು, ಹಾಗಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಏನೂ ಹೇಳದೆ ತಮ್ಮ ಫ್ಲಾಸ್ಕಿನಿಂದ ನನಗೂ ಒಂದು ಲೋಟ ಚಹಾ ಹಾಕಿಕೊಟ್ಟರು. ಸಿಕ್ಕು ಬಿಡಿಸುವಷ್ಟರಲ್ಲಿ ಕತ್ತಲಾಗಿತ್ತು. ಅವರ ಬಕೆಟ್ಟಿನಲ್ಲಿ ನಮ್ಮ ಬಂಗುಡೆಯ ದಾಯಾದಿಗಳು ಎಂಟೋ ಹತ್ತೋ ಇದ್ದವು. ಅವರು ಎಸೆಯುತ್ತಿದ್ದದ್ದು ನಲವತ್ತು ಮೀಟರೂ ಇರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ಅಲ್ಲಿ ದಂಡೆ ಕಡಿದಾಗಿ ಇಳಿಯುತ್ತೆ, ಆಳದ ನೀರು ಕಾಲಬುಡದಲ್ಲೇ ಇದೆ.

ಹಾಗಾಗಿ ರೀಲು ಕೊಳ್ಳುವಾಗ ಮೊದಲು ನೋಡಬೇಕಾದ್ದು ಬ್ರೇಕು. ಸಿಕ್ಕಿದ ಮೀನು ಜೋರಾಗಿ ಎಳೆದಾಗ ತಂಗೂಸಿ ಬಿಟ್ಟುಕೊಡುವ ಡ್ರ್ಯಾಗ್ ಬೇರೆ, ಎಸೆಯುವಾಗ ಸ್ಪೂಲನ್ನು ಹದದಲ್ಲಿಡುವ ಬ್ರೇಕ್ ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದರ ವಿಷಯ. ಇದರಲ್ಲಿ ಎರಡು ಜಾತಿ.

ಒಂದು, ಸೆಂಟ್ರಿಫ್ಯೂಗಲ್. ಜಾತ್ರೆಯಲ್ಲಿ ಸರಪಳಿಗೆ ಕುರ್ಚಿ ಕಟ್ಟಿದ ತಿರುಗುಯ್ಯಾಲೆ ಇರುತ್ತಲ್ಲ, ವೇಗ ಹೆಚ್ಚಿದಂತೆ ಕುರ್ಚಿಗಳು ಹೊರಗೆ ಹಾರುತ್ತವೆ. ಹಾಗೇ ಸ್ಪೂಲಿನ ಬದಿಯಲ್ಲಿ ಸಣ್ಣ ಕಡ್ಡಿಗಳ ಮೇಲೆ ಜಾರುವ ಪುಟ್ಟ ಪ್ಲಾಸ್ಟಿಕ್ ಮಣಿಗಳಿರುತ್ತವೆ. ಸ್ಪೂಲು ತಿರುಗಿದಾಗ ಅವು ಹೊರಗೆ ಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ಅಂದರೆ ಹೊರಟ ಗಳಿಗೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತೆ, ವೇಗ ಅರ್ಧಕ್ಕೆ ಇಳಿದಾಗ ಬಲ ಕಾಲು ಭಾಗಕ್ಕೆ ಇಳಿದು ಹೆಚ್ಚುಕಮ್ಮಿ ಬಿಟ್ಟೇಬಿಡುತ್ತೆ. ಹದ ಬದಲಿಸಬೇಕಾದರೆ ಸಾಮಾನ್ಯವಾಗಿ ಬದಿಯ ತಟ್ಟೆ ಬಿಚ್ಚಿ ಮಣಿಗಳನ್ನು ಬದಲಾಯಿಸಬೇಕು. ಮರಳು ಹಾರುವ ಜಾಗದಲ್ಲಿ, ಒದ್ದೆ ಕೈಯಲ್ಲಿ, ಕಡ್ಲೆಬೇಳೆಗಿಂತ ಚಿಕ್ಕ ಮಣಿ! ಒಮ್ಮೆ ಬಿದ್ದರೆ ಮುಗಿಯಿತು.

ಇನ್ನೊಂದು, ಮ್ಯಾಗ್ನೆಟಿಕ್. ಮನೆಯಲ್ಲಿದ್ದ ಹಳೆಯ ಕರೆಂಟ್ ಮೀಟರ್ ನೆನಪಿದೆಯಾ? ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ಬಿಲ್ಲೆ ತಿರುಗುತ್ತಿತ್ತು. ಅದರ ಅಂಚನ್ನು ಒಂದು ಆಯಸ್ಕಾಂತ ಕಚ್ಚಿಕೊಂಡಂತೆ ಇರುತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಅದರ ಮುಂದೆ ಚಲಿಸಿದರೆ ಲೋಹದ ಒಳಗೆ ಸುಳಿ ಸುಳಿಯಾಗಿ ಕರೆಂಟು ಹುಟ್ಟಿ, ಆ ಚಲನೆಯನ್ನೇ ತಡೆಯುತ್ತೆ. ರೀಲಿನೊಳಗೂ ಇದೇ ಆಟ. ಬದಿಯ ತಟ್ಟೆಯಲ್ಲಿ ಪುಟ್ಟ ಆಯಸ್ಕಾಂತಗಳು, ಎದುರಿಗೆ ಸ್ಪೂಲು. ಹತ್ತಿರ ತಂದರೆ ತಡೆ ಜಾಸ್ತಿ, ದೂರ ಸರಿಸಿದರೆ ಕಮ್ಮಿ. ಹೊರಗಿರುವ ಗುಂಡಿ ತಿರುಗಿಸಿದರೆ ಸಾಕು, ಬಿಚ್ಚುವ ರಗಳೆ ಇಲ್ಲ. ಇಲ್ಲಿ ತಡೆಯ ಬಲ ವೇಗದ ಜೊತೆಗೇ ಏರಿಳಿಯುತ್ತೆ. ವೇಗ ಅರ್ಧವಾದರೆ ಬಲವೂ ಅರ್ಧ. ಹಾಗಾಗಿ ಹಾರಾಟದ ಕೊನೆಯವರೆಗೂ ಸ್ವಲ್ಪ ಹಿಡಿತ ಉಳಿದಿರುತ್ತೆ. ಕೆಲವು ಮೀಟರ್ ದೂರ ಕಮ್ಮಿಯಾಗಬಹುದು. ಆದರೆ ಒರಟಾಗಿ ಎಸೆಯುವವರನ್ನೂ, ಎದುರುಗಾಳಿಯನ್ನೂ ಇದು ಸಹಿಸುತ್ತೆ.

ಮೊದಲ ಸಲ ಕೊಳ್ಳುವವರಿಗೆ ನಾನು ಕಣ್ಣುಮುಚ್ಚಿ ಮ್ಯಾಗ್ನೆಟಿಕ್ ಅನ್ನುತ್ತೇನೆ, ಅದೂ ಹೊರಗೆ ಗುಂಡಿ ಇರುವುದು. ಪೆನ್ 525 ಮ್ಯಾಗ್, ಆಬು 6500ರ ಮ್ಯಾಗ್ ಮಾದರಿಗಳು, ಡೈವಾ 7ಎಚ್‌ಟಿ ಮ್ಯಾಗ್ ಇವೆಲ್ಲ ಈ ಗುಂಪಿನವು. ಚೆನ್ನಾಗಿ ಪಳಗಿದ ಗೆಳೆಯರು ಕೆಲವರು ಸೆಂಟ್ರಿಫ್ಯೂಗಲ್ಲೇ ಮೇಲು ಅನ್ನುತ್ತಾರೆ. ಅವರ ಕೈಯಲ್ಲಿ ಮೇಲೇ. ಅವರ ಕೈ ನಮಗಿಲ್ಲ.

ಹಿಡಿಯ ಕಡೆಗೆ ಇನ್ನೊಂದು ಚಿಕ್ಕ ತಿರುಪು ಇರುತ್ತೆ, ಸ್ಪೂಲಿನ ಅಚ್ಚನ್ನು ಎರಡು ಕಡೆಯಿಂದ ಒತ್ತುವುದು. ಹೊಸಬರು ಅದನ್ನೇ ಬ್ರೇಕ್ ಅಂದುಕೊಂಡು ಬಿಗಿ ಮಾಡುತ್ತಾರೆ. ಸ್ಪೂಲು ಎಡಬಲಕ್ಕೆ ಕೂದಲೆಳೆಯಷ್ಟು ಅಲ್ಲಾಡುವ ಹಾಗೆ ಇಟ್ಟು ಅದನ್ನು ಮರೆತುಬಿಡಿ.

ಬೇರಿಂಗಿನ ಎಣ್ಣೆಯೂ ಒಂದು ಬ್ರೇಕೇ. ಎಣ್ಣೆ ಮಂದವಾದಷ್ಟೂ ಸ್ಪೂಲು ಸಾವಧಾನ. ಇದರಲ್ಲಿ ಊರಿನವರು ಗಮನಿಸಬೇಕಾದ್ದೊಂದಿದೆ. ಇಲ್ಲಿ ಜನವರಿ ರಾತ್ರಿ ಎರಡೋ ಮೂರೋ ಡಿಗ್ರಿಯಲ್ಲಿ ಹದ ಮಾಡಿದ ರೀಲನ್ನು ಮರವಂತೆಯ ಮೂವತ್ತೆರಡು ಡಿಗ್ರಿಗೆ ಒಯ್ದರೆ ಅದೇ ಎಣ್ಣೆ ನೀರಾಗಿ, ಸ್ಪೂಲಿಗೆ ರೆಕ್ಕೆ ಬರುತ್ತೆ. ಭಾವನ ರೀಲಿಗೆ ನಾನು ಬಿಡುವುದು ಒಂದು ಮೆಟ್ಟಿಲು ಮಂದದ ಎಣ್ಣೆ.

ಬ್ರೇಕಿನ ನಂತರ ಕೇಳಬೇಕಾದ್ದು ಸೀಸ ಬೀಳುವ ಜಾಗ ಎಂಥದು ಅಂತ. ಬರೀ ಮರಳಾ, ಕಲ್ಲಾ? ಮರಳಿಗೆ 0.35 ಮಿಲಿಮೀಟರ್ ದಪ್ಪದ, ಸುಮಾರು 15 ಪೌಂಡ್ ಭಾರ ತಾಳುವ ತಂಗೂಸಿ ಸಾಕು. 6500 ಸೈಜಿನ ಸ್ಪೂಲು ಅದನ್ನು 200 ಮೀಟರಿಗಿಂತ ಜಾಸ್ತಿ ನುಂಗುತ್ತೆ. ಇಂಗ್ಲೆಂಡಿನ ಯಾರ್ಕ್‌ಷೈರ್ ತೀರದಂಥ ಕಡಲಕಳೆ ಬೆಳೆದ ಬಂಡೆಗಳಲ್ಲಿ ಅಷ್ಟು ಸಪೂರದ ತಂಗೂಸಿ ಉಳಿಯುವುದಿಲ್ಲ, 0.50 ದಪ್ಪದ್ದು ಬೇಕು. ಎಷ್ಟು ಹಿಡಿಸುತ್ತೆ ಅನ್ನುವುದು ದಪ್ಪದ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 0.35ರಲ್ಲಿ 250 ಮೀಟರ್ ಹಿಡಿಸುವ ಸ್ಪೂಲಿನಲ್ಲಿ 0.50 ಬರೀ 120 ಮೀಟರಿನಷ್ಟು. ಆಗ ಆಬು 7000 ಅಥವಾ ಡೈವಾ ಎಸ್‌ಎಲ್30 ತರಹದ ದೊಡ್ಡ ಸ್ಪೂಲಿಗೆ ಹೋಗಬೇಕು. ಆದರೆ ದೊಡ್ಡ ಸ್ಪೂಲು ಅಂದರೆ ಭಾರದ ಚಕ್ರ. ಹೊರಡಿಸುವುದು ಕಷ್ಟ, ನಿಲ್ಲಿಸುವುದು ಇನ್ನೂ ಕಷ್ಟ. "ಇರಲಿ ಬಿಡು" ಅಂತ ದೊಡ್ಡದು ಕೊಳ್ಳಬೇಡಿ. ಮರವಂತೆಯಲ್ಲಿ ದಂಡೆ ಮರಳೇ, ಆದರೆ ಕೊರೆತ ತಡೆಯಲು ಹಾಕಿದ ಬಂಡೆಗಳಿವೆ. ಭಾವ ನಿಲ್ಲುವುದು ಬಂಡೆಯ ಮೇಲೆ, ಸೀಸ ಬೀಳುವುದು ಮರಳಿಗೆ. ಸಿಕ್ಕಿಕೊಳ್ಳುವುದು ಎಳೆದುಕೊಳ್ಳುವಾಗ, ಕೊನೆಯ ಹತ್ತು ಮೀಟರಿನಲ್ಲಿ.

ಇದಕ್ಕೆ ಮದ್ದು ಗೇರಿನಲ್ಲಿದೆ. 5.3:1 ಅಂತ ಬರೆದಿದ್ದರೆ ಹಿಡಿಯ ಒಂದು ಸುತ್ತಿಗೆ ತುಂಬಿದ ಸ್ಪೂಲು ಸುಮಾರು 75 ಸೆಂಟಿಮೀಟರ್ ಎಳೆಯುತ್ತೆ. 6.1:1 ಆದರೆ 86. ಜೋರಾಗಿ ಎಳೆದಷ್ಟೂ ಸೀಸ ನೀರಿನಲ್ಲಿ ಮೇಲಕ್ಕೆದ್ದು ಬರುತ್ತೆ, ಬಂಡೆಯ ಸಂದಿಗೆ ಬೀಳುವ ಮೊದಲೇ ದಾಟಿಬಿಡುತ್ತೆ. ಹಾಗಂತ ಜಾಸ್ತಿ ಗೇರು ಅಂದರೆ ಸೈಕಲ್ಲಿನ ಏರುರಸ್ತೆಯಲ್ಲಿ ದೊಡ್ಡ ಗೇರು ಹಾಕಿದ ಹಾಗೆ, ಭಾರ ಬಿದ್ದಾಗ ತೋಳು ಸೋಲುತ್ತೆ. ಐದೂವರೆಯಿಂದ ಆರರ ಆಸುಪಾಸು ದಂಡೆಗೆ ಸರಿ.

ಲೆವೆಲ್ ವೈಂಡ್ ಅಂತ ಒಂದಿದೆ. ಎಳೆದುಕೊಳ್ಳುವಾಗ ತಂಗೂಸಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸಮನಾಗಿ ಹಾಸುವ ಓಡಾಡುವ ಕಿಂಡಿ. ಅಂಗಡಿಯಲ್ಲಿ ನೋಡಲು ತುಂಬಾ ಚೆಂದ. ದೋಣಿಯವರಿಗೆ ವರ. ದೂರ ಎಸೆಯುವ ದಂಡೆಯವರಿಗೆ ಬೇಡ. ಎಸೆಯುವಾಗ ತಂಗೂಸಿ ಅದಕ್ಕೆ ಉಜ್ಜುತ್ತೆ, ಮರಳು ಅದರ ತೋಡಿಗೆ ಸೇರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಶಾಕ್ ಲೀಡರಿನ ಗಂಟು ಅಲ್ಲಿ ತಾಗುತ್ತೆ.

ಶಾಕ್ ಲೀಡರ್ ಅಂದರೆ ಎಸೆಯುವ ಪೆಟ್ಟನ್ನು ತಾಳಲು ತುದಿಗೆ ಕಟ್ಟುವ ದಪ್ಪ ತಂಗೂಸಿ. ಇದರಲ್ಲಿ ಜಿಪುಣತನ ಬೇಡವೇ ಬೇಡ. ಒಂದು ಔನ್ಸ್ ಸೀಸಕ್ಕೆ 10 ಪೌಂಡ್ ಅನ್ನುವುದು ಇಲ್ಲಿನ ವಾಡಿಕೆ. 150 ಗ್ರಾಂ ಅಂದರೆ ಐದು ಔನ್ಸಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ 60 ಪೌಂಡ್ ಕಟ್ಟುತ್ತೇನೆ. ರಾಡಿನುದ್ದಕ್ಕೂ ಬಂದು ಸ್ಪೂಲಿನ ಮೇಲೆ ಇನ್ನೂ ಆರೆಂಟು ಸುತ್ತು ಉಳಿಯಬೇಕು. ಇದು ತುಂಡಾಗಿ ಹಾರಿದ ಸೀಸ ಮನುಷ್ಯನ ಜೀವ ತೆಗೆಯಬಲ್ಲದು. ನಮ್ಮ ದಂಡೆಗಳಲ್ಲಿ ಸಂಜೆ ಮಕ್ಕಳು ಓಡಾಡುತ್ತಿರುತ್ತಾರೆ, ಇದನ್ನು ಮರೆಯಬಾರದು.

ಲೆವೆಲ್ ವೈಂಡ್ ಇಲ್ಲದಿದ್ದರೆ ತಂಗೂಸಿ ಹಾಸುವ ಕೆಲಸ ನಿಮ್ಮ ಎಡಗೈ ಹೆಬ್ಬೆರಳಿನದು. ಎರಡು ದಿನದಲ್ಲಿ ಅಭ್ಯಾಸವಾಗುತ್ತೆ. ನಡುವೆ ಗುಡ್ಡ ಬಿದ್ದರೆ ಮುಂದಿನ ಎಸೆತಕ್ಕೆ ಸ್ಪೂಲು ನಡುಗುತ್ತೆ. ಲೀಡರಿನ ಗಂಟನ್ನು ಹೆಬ್ಬೆರಳು ಕೂರದ ಬದಿಗೆ ಸರಿಸಿಡಿ, ಇಲ್ಲದಿದ್ದರೆ ಚರ್ಮ ಹೋಗುತ್ತೆ. ಸ್ಪೂಲಿನ ಅಂಚಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ತುಂಬುವುದನ್ನು ನಿಲ್ಲಿಸಿ.

ಅಂಗಡಿಯಲ್ಲಿ ಒಂದು ಆಟ ನಡೆಯುತ್ತೆ. ಸ್ಪೂಲಿಗೆ ಬೆರಳಿಂದ ಚಿಮ್ಮಿ, "ನೋಡಿ, ಎಷ್ಟು ಹೊತ್ತು ತಿರುಗುತ್ತೆ" ಅನ್ನುತ್ತಾರೆ. ನೀವು ತಲೆದೂಗಬೇಡಿ. ತುಂಬಾ ಹೊತ್ತು ತಿರುಗುವ ರೀಲನ್ನು ಹಿಡಿದು ನಿಲ್ಲಿಸುವವರು ನೀವೇ. ಬದಲಿಗೆ ಬ್ರೇಕಿನ ಗುಂಡಿ ಪೂರ್ತಿ ಏರಿಸಿ ಒಮ್ಮೆ ಚಿಮ್ಮಿ, ಪೂರ್ತಿ ಇಳಿಸಿ ಒಮ್ಮೆ ಚಿಮ್ಮಿ. ಎರಡರ ನಡುವೆ ವ್ಯತ್ಯಾಸ ಎದ್ದು ಕಾಣಬೇಕು. ಹಳೆಯ ರೀಲಾದರೆ ಹಿಡಿಯನ್ನು ಮೆಲ್ಲಗೆ ತಿರುಗಿಸುತ್ತಾ ಕಿವಿ ಕೊಡಿ. ಕರಕರ ಅಂದರೆ ಬೇರಿಂಗಿಗೆ ಉಪ್ಪು ಹೊಕ್ಕಿದೆ. ಅದನ್ನು ಬದಲಿಸಬಹುದು, ದೊಡ್ಡ ಖರ್ಚಲ್ಲ. ಬದಿಯ ತಟ್ಟೆ ಬಿಚ್ಚಲು ಬಿಟ್ಟರೆ ಬಿಚ್ಚಿಸಿ ನೋಡಿ. ಹಿತ್ತಾಳೆಯ ಗೇರಿನ ಮೇಲೆ ಹಸಿರು ಕಿಲುಬು ಕಂಡರೆ, ಹಲ್ಲು ಸವೆದಿದ್ದರೆ, ಬೆಲೆ ಎಷ್ಟೇ ಕಮ್ಮಿ ಇದ್ದರೂ ವಾಪಸ್ ಕೊಡಿ. ನಾನು ಕೊಂಡ ಮೊದಲ ಹಳೆಯ ರೀಲು ಹೊರಗೆ ಕನ್ನಡಿಯಂತಿತ್ತು, ಮನೆಗೆ ತಂದು ಬಿಚ್ಚಿದರೆ ಒಳಗೆ ಉಪ್ಪಿನಕಾಯಿ ಭರಣಿ. ಮಾರಿದವರ ತಪ್ಪಲ್ಲ, ನಾನೇ ಬಿಚ್ಚಿಸಲಿಲ್ಲ.

ತೊಳೆಯುವುದು ಸುಲಭ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಮೆಲ್ಲಗೆ ಹೊಯ್ದು, ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ. ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಮರಳು ಒಳಗೇ ಹೋಗುತ್ತೆ.

ಕಲಿಯುವುದು ಮೈದಾನದಲ್ಲಿ, ಹಗಲು ಹೊತ್ತು, ಸುತ್ತ ಯಾರೂ ಇಲ್ಲದಾಗ. ನನಗೆ ಚಹಾ ಕೊಟ್ಟ ಮುದುಕರು ಕಲಿಸಿದ ಉಪಾಯ ಇದು. ಮೊದಲು ಮೆಲ್ಲಗೆ ಒಂದು ಎಸೆತ ಎಸೆಯಿರಿ. ಅದಕ್ಕಿಂತ ಹತ್ತು ಹದಿನೈದು ಮೀಟರ್ ಜಾಸ್ತಿ ತಂಗೂಸಿ ಕೈಯಿಂದ ಎಳೆದು, ಸ್ಪೂಲಿನಲ್ಲಿ ಉಳಿದದ್ದರ ಮೇಲೆ ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು ಒಂದು ಸುತ್ತು ಅಂಟಿಸಿ. ಆಮೇಲೆ ವಾಪಸ್ ಸುತ್ತಿಕೊಳ್ಳಿ. ಈಗ ಬ್ಯಾಕ್‌ಲ್ಯಾಷ್ ಆದರೂ ಸಿಕ್ಕು ಟೇಪಿನಿಂದ ಕೆಳಗೆ ಇಳಿಯುವುದಿಲ್ಲ. ಒಂದು ಕಡೆಯಿಂದ ಎಳೆದರೆ ಬಿಡಿಸಿಕೊಳ್ಳುತ್ತೆ. ಆಯಸ್ಕಾಂತದ ಗುಂಡಿ ಪೂರ್ತಿ ಏರಿಸಿ ಶುರು ಮಾಡಿ. ಹತ್ತು ಎಸೆತ ಸರಿಯಾಗಿ ಬಿದ್ದರೆ ಒಂದು ಅಂಕೆ ಇಳಿಸಿ. ತಂಗೂಸಿ ಸ್ಪೂಲಿನ ಮೇಲೆ ಸ್ವಲ್ಪ ಉಬ್ಬಿದಂತೆ ಕಂಡರೆ ಮತ್ತೆ ಏರಿಸಿ. ಸೀಸ ನೆಲಕ್ಕೆ ಬೀಳುವ ಮೊದಲೇ ಹೆಬ್ಬೆರಳು ಸ್ಪೂಲಿನ ಮೇಲಿರಬೇಕು, ಇದನ್ನು ಯಾವ ಬ್ರೇಕೂ ನಿಮ್ಮ ಪರವಾಗಿ ಮಾಡುವುದಿಲ್ಲ.

ಇಷ್ಟೆಲ್ಲ ಅಳೆದು ಸುರಿದು ಭಾವನಿಗೆ ಅಂತ ಎತ್ತಿಟ್ಟಿರುವುದು 6500 ಸೈಜಿನ, ಲೆವೆಲ್ ವೈಂಡ್ ಇಲ್ಲದ, ಹೊರಗೆ ಆಯಸ್ಕಾಂತದ ಗುಂಡಿ ಇರುವ ಒಂದು ಹಳೆಯ ರೀಲು. ಬೇರಿಂಗ್ ಹೊಸದು ಹಾಕಿ, ಮಂದದ ಎಣ್ಣೆ ಬಿಟ್ಟಿದ್ದೇನೆ. ನಿನ್ನೆ ಫೋನಿನಲ್ಲಿ ಇದನ್ನೆಲ್ಲ ಮುಕ್ಕಾಲು ಗಂಟೆ ವಿವರಿಸಿ, ಜೊತೆಗೆ ಎರಡು ಸುರುಳಿ ಕಪ್ಪು ಟೇಪನ್ನೂ ತರುತ್ತೇನೆ ಅಂದೆ.

"ಟೇಪ್ ಇಲ್ಲೇ ಸಿಕ್ಕತ್ತ್ ಮಾರಾಯ" ಅಂದರು ಭಾವ. "ಅದ್ ದೂರ ಹೋತ್ತಾ ಇಲ್ಯಾ, ಅದ್ ಹೇಳ್."